ಡೈವಿಂಗ್ ಪ್ರವಾಸಕ್ಕೆ ಎರಡನೇ ಸೆಟ್ ಬೇಡ, ವಾಷರ್ ಡಬ್ಬಿ ಸಾಕು

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದ ಶಾಲಾ ಶಿಕ್ಷಕಿ. ನಾನೂ ತಮ್ಮನೂ ಎರಡು ವರ್ಷದ ಹಿಂದೆ ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗಿನ ಓಪನ್ ವಾಟರ್ ಕೋರ್ಸ್ ಮುಗಿಸಿ ನೇತ್ರಾಣಿಯಲ್ಲಿ ಕೆಲವು ಡೈವ್ ಮಾಡಿದ್ದೇವೆ. ಬರುವ ಜನವರಿಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಆರು ದಿನ ಡೈವ್ ಮಾಡಬೇಕೆಂದಿದ್ದೇವೆ. ಮಾಸ್ಕ್, ಕಾಲಿನ ಫಿನ್, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರ್, ಎಷ್ಟು ಹೊತ್ತು ನೀರಿನಡಿ ಇರಬಹುದೆಂದು ಲೆಕ್ಕ ಹಾಕುವ ಡೈವ್ ಕಂಪ್ಯೂಟರ್ ನಮ್ಮದೇ ಇವೆ. ಬಿಸಿಡಿ (ಗಾಳಿ ತುಂಬಿ ತೇಲುವ ಜಾಕೆಟ್) ಬಾಡಿಗೆಗೆ ಪಡೆಯುತ್ತೇವೆ. ನನ್ನ ಕಣ್ಣಿಗೆ ಮೈನಸ್ 4 ಪವರ್ ಇದೆ. ಏನಾದರೂ ಕೆಟ್ಟರೆ ಕಷ್ಟ, ಎಲ್ಲವೂ ಎರಡೆರಡು ಇರಲಿ ಎಂದು ತಮ್ಮ ಹೇಳುತ್ತಾನೆ. ಆದರೆ ವಿಮಾನದಲ್ಲಿ ಒಬ್ಬರಿಗೆ 15 ಕಿಲೋ ಮಾತ್ರ. ಏನೇನು ಒಯ್ಯಬೇಕು? ನೀರಿಗಿಳಿಯಲು ಕಟ್ಟಿಕೊಳ್ಳುವ ಸೀಸದ ತೂಕವನ್ನೂ ಇಲ್ಲಿಂದಲೇ ಒಯ್ಯಬೇಕೆ?

ಉತ್ತರ: ಬದಿಯಡ್ಕದ ಕಡೆಯವರು ನೀವು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವುದನ್ನು ಚಿಕ್ಕಂದಿನಿಂದ ನೋಡಿರುತ್ತೀರಿ, ಅಲ್ವಾ? ಮಳೆ ಬಿಟ್ಟ ಒಂದು ದಿನಕ್ಕಾಗಿ ಎಲ್ಲರೂ ಕಾಯುತ್ತಿರುತ್ತಾರೆ. ಮೈಲುತುತ್ತ, ಸುಣ್ಣ ಕಲಸಿ ಆಗಿದೆ. ಮರ ಹತ್ತುವವರು ಬಂದಾಗಿದೆ. ಆಗ ಪಂಪಿನ ವಾಷರ್ ಹೋಯಿತು ಎಂದರೆ ಆ ದಿನವೇ ಹೋಯಿತು. ಅದಕ್ಕೇ ನನ್ನ ಅಪ್ಪ ಪಂಪಿನ ಜೊತೆ ಒಂದು ಹಳೆ ಬಿಸ್ಕತ್ತಿನ ಡಬ್ಬಿ ಇಟ್ಟುಕೊಳ್ಳುತ್ತಿದ್ದರು. ನಾಲ್ಕು ವಾಷರ್, ಎರಡು ನೋಝಲ್, ಒಂದು ತುಂಡು ಸರಿಗೆ, ಒಂದು ಸ್ಪ್ಯಾನರ್. ಇನ್ನೊಂದು ಪಂಪನ್ನು ತೋಟಕ್ಕೆ ಹೊತ್ತವರನ್ನು ನಾನು ಕಂಡಿಲ್ಲ.

ಡೈವಿಂಗಿಗೆ ಒಯ್ಯುವ ಬಿಡಿ ಸಾಮಾನು ಅಂದರೆ ಆ ಡಬ್ಬಿಯೇ. ನಿಮ್ಮ ತಮ್ಮ ಹೇಳುವುದು ಇನ್ನೊಂದು ಪಂಪ್. ಒಂದು ರೆಗ್ಯುಲೇಟರ್ ಸೆಟ್ ಎರಡು ಮೂರು ಕಿಲೋ ತೂಗುತ್ತದೆ, ಒಂದು ಜೊತೆ ಫಿನ್ ಸುಮಾರು ಎರಡು ಕಿಲೋ. ಬಟ್ಟೆಗೆ ಜಾಗ ಎಲ್ಲಿ? ಇನ್ನೊಂದು ಕಡೆ, ಡೈವ್ ಹಾಳಾಗುವುದು ಹೆಚ್ಚಾಗಿ ಹತ್ತಿಪ್ಪತ್ತು ರೂಪಾಯಿಯ ರಬ್ಬರಿನಿಂದ. ರೆಗ್ಯುಲೇಟರ್ ಪೂರ್ತಿ ಕೆಟ್ಟರೆ ಹ್ಯಾವ್‌ಲಾಕ್‌ನ ಡೈವ್ ಸೆಂಟರಿನಲ್ಲಿ ಬಾಡಿಗೆಗೆ ಸಿಗುತ್ತದೆ. ನಿಮ್ಮ ಕಂಪನಿಯ ಫಿನ್ನಿಗೆ ಹೊಂದುವ ಪಟ್ಟಿ ಸಿಗದಿರಬಹುದು. ನಿಮ್ಮ ಕಣ್ಣಿಗೆ ಹೊಂದುವ ಮಾಸ್ಕ್ ಸಿಗುತ್ತದೆ ಎಂದು ನಂಬಿ ಹೋಗಲೇಬಾರದು.

ಹಾಗಾಗಿ ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳಿ: ಇದು ಕೆಡುವಂಥದ್ದೇ? ಅಲುಗುವ ಬೋಟಿನಲ್ಲಿ ಐದು ನಿಮಿಷದಲ್ಲಿ ನಾನೇ ಬದಲಿಸಬಲ್ಲೆನೇ? ಅಲ್ಲಿ ಸಿಗದೆ ಹೋದೀತೇ? ಮೂರಕ್ಕೂ ಹೌದು ಎಂದರೆ ಡಬ್ಬಿಗೆ ಹಾಕಿ.

ಮಾಸ್ಕ್ ಒಂದು ಮಾತ್ರ ಈ ಲೆಕ್ಕದ ಹೊರಗೆ. ಅದು ಇಡಿಯಾಗಿ ಇನ್ನೊಂದು ಬೇಕು, ಅದರಲ್ಲೂ ನಿಮಗೆ. ಮೈನಸ್ 4 ಇರುವವರು ಪವರ್ ಇಲ್ಲದ ಮಾಸ್ಕ್ ಹಾಕಿ ಇಳಿದರೆ ಹವಳ, ಮೀನು ಕಾಣಿಸದಿರುವುದು ಸಣ್ಣ ವಿಷಯ. ಪ್ರೆಶರ್ ಗೇಜ್ ಓದಲು, ಜೊತೆಗಾರನ ಕೈಸನ್ನೆ ತಿಳಿಯಲು ಕಷ್ಟಪಡುವಂತಾಗಬಾರದು. ಎರಡು ಗಾಜಿನ ಹಲವು ಮಾಸ್ಕ್‌ಗಳಿಗೆ ಅರ್ಧ ಅರ್ಧ ಪವರಿನ ಅಂತರದಲ್ಲಿ ಸಿದ್ಧ ಗಾಜು ಸಿಗುತ್ತದೆ. ಮೈನಸ್ 4 ಆದರೆ ಸುಲಭ. ಕಣ್ಣಿಗೆ ಸಿಲಿಂಡರ್ ಪವರೂ ಜಾಸ್ತಿ ಇದ್ದರೆ ಮಾಡಿಸಬೇಕು, ಅದಕ್ಕೆ ವಾರಗಳೇ ಬೇಕಾಗಬಹುದು. ಈಗಲೇ ಆರ್ಡರ್ ಕೊಡಿ. ನೀವು ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಇನ್ನೂ ಹಗುರದ ದಾರಿಯಿದೆ. ಒಂದೇ ದಿನ ಬಳಸಿ ಎಸೆಯುವ ಲೆನ್ಸಿನ ಪೆಟ್ಟಿಗೆ ಒಯ್ಯಿರಿ. ಮಾಸ್ಕ್ ಕೈಕೊಟ್ಟರೆ ಬಾಡಿಗೆ ಮಾಸ್ಕಿನೊಳಗೆ ಅದನ್ನು ಹಾಕಿ ಇಳಿಯಬಹುದು. ಗಟ್ಟಿ ಲೆನ್ಸ್ ಮಾತ್ರ ಬೇಡ, ಅದರ ಅಡಿಯಲ್ಲಿ ಗುಳ್ಳೆ ಸಿಕ್ಕಿಕೊಳ್ಳಬಹುದು. ಇದುವರೆಗೆ ಲೆನ್ಸ್ ಹಾಕದವರು ಅಂಡಮಾನಿನ ಬೋಟಿನಲ್ಲಿ ಮೊದಲ ಸಲ ಹಾಕಲು ಹೋಗಬೇಡಿ.

ಹೊಸ ಮಾಸ್ಕನ್ನು ಮನೆಯಲ್ಲೇ ತಯಾರು ಮಾಡಿ. ತಯಾರಿಕೆಯ ವೇಳೆ ಗಾಜಿನ ಒಳಬದಿಗೆ ಸಿಲಿಕೋನಿನ ತೆಳು ಪೊರೆ ಹತ್ತಿರುತ್ತದೆ. ಅದು ಹೋಗದೆ ಮಂಜು ಕಟ್ಟುವುದು ನಿಲ್ಲುವುದಿಲ್ಲ. ಸಾದಾ ಬಿಳಿ ಟೂತ್‌ಪೇಸ್ಟ್ ಹಾಕಿ ಬೆರಳಿನಲ್ಲಿ ಚೆನ್ನಾಗಿ ಉಜ್ಜಿ, ತೊಳೆದು, ಮತ್ತೆ ಉಜ್ಜಿ. ಪವರ್ ಗಾಜಿಗೆ ವಿಶೇಷ ಲೇಪ ಇದ್ದರೆ ಉಜ್ಜುವ ಮುಂಚೆ ಕೊಟ್ಟವರನ್ನು ಕೇಳಿ. ಆಮೇಲೆ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಮಾಸ್ಕ್ ಮುಖಕ್ಕೆ ಅಂಟಿ ನಿಂತರೆ ನಿಮಗೆ ಹೊಂದುತ್ತದೆ. ಜೊತೆಗೆ ಇಬ್ಬರಿಗೂ ಒಂದೊಂದು ಬಿಡಿ ಮಾಸ್ಕ್ ಪಟ್ಟಿ ಇರಲಿ. ನೇತ್ರಾಣಿಯಲ್ಲಿ ಒಮ್ಮೆ ನೀರಿಗೆ ಹಾರಲು ಎದ್ದು ನಿಂತಾಗ ನನ್ನ ಮಾಸ್ಕ್ ಪಟ್ಟಿ ತುಂಡಾಯಿತು. ಉಳಿದವರೆಲ್ಲ ಇಳಿದರು. ನಾನು ಒಂದು ಗಂಟೆ ಬೋಟಿನಲ್ಲಿ ಕೂತು ಅವರ ಗುಳ್ಳೆ ನೋಡುತ್ತಿದ್ದೆ. ಆ ದಿನದಿಂದ ನನ್ನ ಡಬ್ಬಿ ಮನೆಯಲ್ಲಿ ಉಳಿದದ್ದಿಲ್ಲ.

ಈಗ ಒಯ್ಯುವುದಕ್ಕಿಂತ ಮುಂಚಿನ ಮಾತು. ನಿಮ್ಮ ಸಾಮಾನು ಕಳೆದ ಸೀಸನ್ ಮುಗಿದ ಮೇಲೆ ಎಲ್ಲಿತ್ತು? ಅಟ್ಟದಲ್ಲೋ ಕಪಾಟಿನಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಾಸರಗೋಡಿನ ಮಳೆ ಕಂಡಿರುತ್ತದೆ. ಉಪ್ಪುನೀರಿಗಿಂತ ನಾನು ಹೆದರುವುದು ಆ ನಾಲ್ಕು ತಿಂಗಳಿಗೆ. ಪಟ್ಟಿಗಳಿಗೆ ಬೂಸಲು ಬರುತ್ತದೆ. ರೆಗ್ಯುಲೇಟರಿನ ಫಸ್ಟ್ ಸ್ಟೇಜ್ (ಸಿಲಿಂಡರಿಗೆ ಕೂರುವ ಭಾಗ) ಹಿತ್ತಾಳೆಯದ್ದು, ಮೇಲಿನ ಕ್ರೋಮ್ ಎದ್ದ ಕಡೆ ಕಿಲುಬು ಹಿಡಿಯುತ್ತದೆ. ಜಿರಲೆ ಮೌತ್‌ಪೀಸನ್ನು ಕಡಿದಿರುತ್ತದೆ. ಬಾಯಿಗಿಡುವ ಭಾಗವಾದ ಸೆಕೆಂಡ್ ಸ್ಟೇಜಿನೊಳಗೆ ಇರುವೆ ಗೂಡು ಮಾಡಿದ್ದನ್ನೂ ನೋಡಿದ್ದೇನೆ. ಇವತ್ತೇ ಎಲ್ಲವನ್ನೂ ಜಗಲಿಯಲ್ಲಿ ಹರಡಿ. ಬೆಳಕಿಗೆ ಹಿಡಿದು ರಬ್ಬರನ್ನು ಎಳೆದು ನೋಡಿ. ಫಿನ್ನಿನ ಪಟ್ಟಿಯನ್ನು ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅದರ ಕಾಲ ಮುಗಿಯಿತು. ಬಿರುಕು ಬಿಟ್ಟ ಹಳೆಯದನ್ನು ‘ಬಿಡಿ’ ಎಂದು ಡಬ್ಬಿಗೆ ಹಾಕಬೇಡಿ.

ಸಿಲಿಂಡರ್ ಇಲ್ಲದೆ ಮನೆಯಲ್ಲೇ ಮಾಡಬಹುದಾದ ಒಂದು ಒಳ್ಳೆಯ ಪರೀಕ್ಷೆ ಇದೆ. ಫಸ್ಟ್ ಸ್ಟೇಜಿನ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಸೆಕೆಂಡ್ ಸ್ಟೇಜನ್ನು ಬಾಯಿಗಿಟ್ಟು ಮೆಲ್ಲಗೆ ಉಸಿರೆಳೆಯಿರಿ. ಗಾಳಿ ಬರಬಾರದು. ಎಳೆತ ಹಾಗೇ ಹಿಡಿದು ನಿಲ್ಲಬೇಕು. ಗಾಳಿ ಬಂದರೆ ಎಲ್ಲೋ ತೂತು ಇದೆ: ಮೌತ್‌ಪೀಸಿನಲ್ಲಿ, ಡಯಾಫ್ರಮಿನಲ್ಲಿ ಅಥವಾ ಉಸಿರು ಹೊರಹೋಗುವ ರಬ್ಬರ್ ವಾಲ್ವಿನಲ್ಲಿ. ಅದೇ ತೂತಿನಿಂದ ಕಡಲೊಳಗೆ ನೀರು ಬರುತ್ತದೆ. ಆಕ್ಟೋಪಸ್ಸಿಗೂ (ಜೊತೆಗಿರುವ ಇನ್ನೊಂದು ಸೆಕೆಂಡ್ ಸ್ಟೇಜಿಗೂ) ಹೀಗೇ ಮಾಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಸರ್ವಿಸ್ ಮಾಡಿಸಿ ಒಂದು ವರ್ಷ ದಾಟಿದ್ದರೆ ಈಗಲೇ ಕಳಿಸಿ. ಆದರೆ ಸರ್ವಿಸಿನಿಂದ ಬಂದ ರೆಗ್ಯುಲೇಟರನ್ನು ನೇರವಾಗಿ ವಿಮಾನಕ್ಕೆ ಹತ್ತಿಸಬೇಡಿ. ಬಿಚ್ಚಿ ಜೋಡಿಸಿದ ಯಂತ್ರದಲ್ಲಿ ತಪ್ಪಿದ್ದರೆ ಅದು ಮೊದಲ ಒಂದೆರಡು ಡೈವಿನಲ್ಲೇ ಗೊತ್ತಾಗುವುದು ಹೆಚ್ಚು. ಡಿಸೆಂಬರಿನ ಒಂದು ಶನಿವಾರ ರೈಲು ಹತ್ತಿ ಮುರುಡೇಶ್ವರಕ್ಕೆ ಹೋಗಿ. ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ. ಎರಡು ವರ್ಷದ ಹಿಂದೆ ಕಲಿತ ನಿಮ್ಮಿಬ್ಬರಿಗೂ ಅದು ಬೇಕು, ಸಾಮಾನಿಗೂ ಬೇಕು. ಅಂಡಮಾನಿನ ಡಬ್ಬಿಯನ್ನೇ ಜೊತೆಗೆ ಒಯ್ಯಿರಿ. ಏನು ಕಡಿಮೆಯಾಗಿದೆ ಎಂದು ಅಲ್ಲೇ ತಿಳಿಯುತ್ತದೆ.

ಇನ್ನು ಡಬ್ಬಿ. ಅದರ ರಾಜ ಓ ರಿಂಗ್. ನಮ್ಮ ಭಾಷೆಯಲ್ಲಿ ವಾಷರ್ ಎಂದೇ ಇಟ್ಟುಕೊಳ್ಳಿ. ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಕಾರಿನ ಟಯರಿನ ಗಾಳಿಗಿಂತ ಹೆಚ್ಚುಕಡಿಮೆ 90 ಪಟ್ಟು. ಅಷ್ಟನ್ನು ತಡೆದು ನಿಲ್ಲಿಸುವುದು ಬೆರಳಿನ ಉಂಗುರಕ್ಕಿಂತ ಚಿಕ್ಕ ರಬ್ಬರ್. ಯೋಕ್ ಜೋಡಣೆಯ (ರೆಗ್ಯುಲೇಟರನ್ನು ವಾಲ್ವಿನ ಹೊರಗಿನಿಂದ ಸ್ಕ್ರೂ ಬಿಗಿದು ಹಿಡಿಸುವ) ಸಿಲಿಂಡರಿನ ಬಾಯಲ್ಲಿ ಕೂರುವ ಓ ರಿಂಗಿನ ಅಳತೆ 014. ಸಿಲಿಂಡರ್ ತೆರೆದಾಗ ಸುಯ್ ಎಂದು ಗಾಳಿ ಸೋರುವುದು ಹೆಚ್ಚಾಗಿ ಇದು ಸವೆದಾಗಲೇ. ಇಬ್ಬರಿಗೂ ಸೇರಿ ಒಂದು ಹತ್ತು ಇರಲಿ, ಗಟ್ಟಿ ನೈಟ್ರೈಲ್ ರಬ್ಬರಿನದು. ಗೇಜ್ ತಿರುಗುವ ಜಾಗದಲ್ಲಿ ಪುಟ್ಟ ಗುಳ್ಳೆಗಳ ಸಾಲು ಏಳುತ್ತಿದ್ದರೆ ಒಳಗಿನ ಸಣ್ಣ ಕೊಳವೆಯ ಎರಡು ತುದಿಯ ಓ ರಿಂಗ್ ಹೋಗಿರುತ್ತವೆ, ಅಳತೆ 003. ಆ ಕೊಳವೆ ಓ ರಿಂಗ್ ಸಮೇತ ಸಿದ್ಧವಾಗಿ ಸಿಗುತ್ತದೆ, ಒಂದು ತೆಗೆದಿಡಿ. ಹೋಸನ್ನು ಫಸ್ಟ್ ಸ್ಟೇಜಿಗೆ ತಿರುಗಿಸಿ ಕೂರಿಸುವ ಜಾಗದಲ್ಲಿ ಕಡಿಮೆ ಒತ್ತಡದ ಹೋಸಿಗೆ ಸಾಮಾನ್ಯವಾಗಿ 011, ಗೇಜಿನ ಹೆಚ್ಚು ಒತ್ತಡದ ಹೋಸಿಗೆ 012. ಈ ನಂಬರುಗಳನ್ನು ಚೀಟಿಯಲ್ಲಿ ಬರೆದು ಒಂದೊಂದು ಅಳತೆಯನ್ನು ಒಂದೊಂದು ಪುಟ್ಟ ತೊಟ್ಟೆಗೆ ಹಾಕಿ. ಎಲ್ಲ ಒಟ್ಟು ಸೇರಿದರೆ 011 ಯಾವುದು, 012 ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಓ ರಿಂಗ್ ತೆಗೆಯಲು ಸೂಜಿ, ಪಿನ್ನು ಬಳಸಬೇಡಿ. ಅದು ಕೂರುವ ಲೋಹದ ಹಳ್ಳಕ್ಕೆ ಗೀರು ಬಿದ್ದರೆ ಹೊಸ ಓ ರಿಂಗ್ ಹಾಕಿದರೂ ಸೋರುತ್ತದೆ. ಇದಕ್ಕೆಂದೇ ಹಿತ್ತಾಳೆಯ, ಪ್ಲಾಸ್ಟಿಕ್ಕಿನ ಕಡ್ಡಿ ಸಿಗುತ್ತದೆ.

ಒಂದು ವಿಷಯ ಒತ್ತಿ ಹೇಳುತ್ತೇನೆ. ನಮ್ಮೂರಲ್ಲಿ ಯಾವುದು ಬಿಗಿಯಾದರೂ ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ಇದೆ. ಬೀಗಕ್ಕೆ, ಬಾಗಿಲ ತಿರುಗಣಿಗೆ ಸರಿ. ಉಸಿರಾಟದ ಸಾಮಾನಿಗೆ ಒಂದು ಹನಿಯೂ ಬೇಡ. ವ್ಯಾಸಲೀನೂ ಬೇಡ. ಕೆಲವು ಬಗೆಯ ರಬ್ಬರನ್ನು ಇವು ಉಬ್ಬಿಸಿ ಹಾಳು ಮಾಡುತ್ತವೆ. ಅದಕ್ಕಿಂತ ದೊಡ್ಡ ಮಾತು, ಹೆಚ್ಚು ಒತ್ತಡದ ಆಕ್ಸಿಜನ್ ಇರುವ ಕಡೆ ಎಣ್ಣೆ ಬೆಂಕಿ ಹಿಡಿಯಬಹುದು. ಸಿಲಿಕೋನ್ ಗ್ರೀಸಿನ ಪುಟ್ಟ ಡಬ್ಬಿ ಸಾಕು. ಅದೂ ಟಾರ್ಚಿನ, ಕ್ಯಾಮೆರಾ ಪೆಟ್ಟಿಗೆಯ ಓ ರಿಂಗಿಗೆ, ಹೊಳಪು ಬರುವಷ್ಟು ಮಾತ್ರ. ಓ ರಿಂಗೇ ಸಿಲಿಕೋನಿನದಾದರೆ ಕಂಪನಿ ಹೇಳಿದ ಗ್ರೀಸೇ ಬೇಕು. ಸಿಲಿಂಡರ್ ಬಾಯಿಯ ಓ ರಿಂಗನ್ನು ಒಣದಾಗಿಯೇ ಕೂರಿಸಿ.

ಆಮೇಲೆ ಮೌತ್‌ಪೀಸ್. ಕಚ್ಚಿ ಹಿಡಿಯುವ ಎರಡು ತುಂಡು ಹರಿದು ಹೋಗುವುದು ಸಾಮಾನ್ಯ. ಹೊಸಬರು ಹೆದರಿ ಗಟ್ಟಿಯಾಗಿ ಕಚ್ಚುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಎರಡು ಮೌತ್‌ಪೀಸ್, ಒಂದು ಹಿಡಿ ಕೇಬಲ್ ಟೈ, ಒಂದು ಸಣ್ಣ ಕಟರ್ ಇಟ್ಟುಕೊಳ್ಳಿ. ಬದಲಿಸುವುದನ್ನು ಮನೆಯಲ್ಲಿ ಎರಡು ಸಲ ಮಾಡಿ ನೋಡಿ. ಹಳೆ ಟೈ ಕತ್ತರಿಸುವಾಗ ರಬ್ಬರಿಗೆ ಬ್ಲೇಡ್ ತಾಗಬಾರದು. ಹೊಸ ಟೈನ ಬಾಲವನ್ನು ಬುಡದವರೆಗೆ ಕತ್ತರಿಸಿ. ಒಂದಿಷ್ಟು ಉಳಿದರೂ ಆರು ದಿನದಲ್ಲಿ ತುಟಿ ಗಾಯ. ಕೂರಿಸಿದ ಮೇಲೆ ಜಗ್ಗಿ ನೋಡಿ. ಪ್ರತಿ ಡೈವಿಗೆ ಮುಂಚೆಯೂ ಒಮ್ಮೆ ಜಗ್ಗಿ, ಯಾಕೆಂದರೆ ನೀರಿನಡಿ ಅದು ಕಳಚಿಕೊಂಡರೆ ಬಾಯಲ್ಲಿ ಬರೀ ರಬ್ಬರ್ ಉಳಿಯುತ್ತದೆ. ಆಗ ಆಕ್ಟೋಪಸ್ಸೇ ಗತಿ.

ಇಷ್ಟು ಹೇಳಿದೆ ಎಂದು ರೆಗ್ಯುಲೇಟರಿನ ಹೊಟ್ಟೆ ಬಿಚ್ಚಬೇಡಿ. ಹೊರಗಿನ ರಬ್ಬರ್ ನಿಮ್ಮದು, ಒಳಗಿನ ಸ್ಪ್ರಿಂಗು, ವಾಲ್ವು ತರಬೇತಿ ಪಡೆದ ಮೆಕ್ಯಾನಿಕ್ಕಿನದು. ಹೋಸ್ ಬಿಚ್ಚಬೇಕಾಗಿ ಬಂದರೂ ಡೈವ್ ಸೆಂಟರಿನವರ ಕೈಗೆ ಕೊಡಿ. ನಿಮ್ಮ ಓ ರಿಂಗ್ ಇದ್ದರೆ ಅವರಿಗೂ ಸುಲಭ. ಗಾಳಿ ತಾನಾಗಿ ಸುರಿಯುತ್ತಿದ್ದರೆ, ಉಸಿರೆಳೆಯಲು ಬಿಗಿ ಅನಿಸಿದರೆ ಅವತ್ತು ಬಾಡಿಗೆಯದ್ದೇ ತೆಗೆದುಕೊಳ್ಳಿ. ನಮ್ಮದೇ ಇದೆಯಲ್ಲ, ಇನ್ನೊಂದು ಡೈವ್ ಮಾಡಿ ನೋಡೋಣ ಎನ್ನುವ ಆಸೆ ಬೇಡ.

ಕಂಪ್ಯೂಟರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಇಲ್ಲಿ ನನಗೇ ಪೆಟ್ಟು ಬಿದ್ದಿದೆ. ಮೊದಲ ಸಲ ಅಂಡಮಾನಿಗೆ ಹೋದಾಗ ಎರಡನೇ ದಿನ ಬ್ಯಾಟರಿ ಕಡಿಮೆ ಎಂದು ತೋರಿಸಿತು. ಬಿಡಿ ಬ್ಯಾಟರಿ ಇತ್ತು. ಬೋಟಿನ ಮೇಲೆ, ಒದ್ದೆ ಕೈಯಲ್ಲಿ, ಅವಸರದಲ್ಲಿ ಬದಲಿಸಿದೆ. ಓ ರಿಂಗಿನ ಮೇಲೆ ಒಂದು ಕೂದಲು ಕೂತಿತ್ತು, ನನಗೆ ಕಾಣಲಿಲ್ಲ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಪರದೆಯೊಳಗೆ ನೀರು ತುಂಬಿತ್ತು. ಮೇಲೆ ಬಂದೆ. ಆ ದಿನದ ಡೈವ್ ಅಷ್ಟಕ್ಕೇ ಮುಗಿಯಿತು. ಬ್ಯಾಟರಿ ನಿಮ್ಮ ಕೈಯಿಂದಲೇ ಬದಲಿಸುವ ಮಾದರಿಯಾದರೆ ಹೊರಡುವ ಮುಂಚೆ, ಮನೆಯಲ್ಲಿ, ಒಣ ಮೇಜಿನ ಮೇಲೆ ಹೊಸದು ಹಾಕಿ. ಆ ಕಂಪನಿಯ ಓ ರಿಂಗೂ ಹೊಸದಿರಲಿ. ಸಿಆರ್2032 ಆದರೆ ಕಾಸರಗೋಡಿನ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ದಪ್ಪದ ಸಿಆರ್2450ರಂಥದ್ದು ಬೇಕಾದರೆ ಮೊದಲೇ ತರಿಸಿಟ್ಟುಕೊಳ್ಳಿ. ಇನ್ನೊಂದು ಬ್ಯಾಟರಿ, ಇನ್ನೊಂದು ಓ ರಿಂಗ್ ಡಬ್ಬಿಯಲ್ಲಿರಲಿ.

ಅಲ್ಲಿಯೇ ಬದಲಿಸಬೇಕಾಗಿ ಬಂದರೆ ಇನ್ನೊಂದು ತೊಡಕಿದೆ. ಹಲವು ಕಂಪ್ಯೂಟರುಗಳು ಬ್ಯಾಟರಿ ತೆಗೆದ ಕೂಡಲೇ ನಿಮ್ಮ ಮೈಯಲ್ಲಿ ಉಳಿದ ನೈಟ್ರೋಜನ್ ಲೆಕ್ಕವನ್ನು ಮರೆಯುತ್ತವೆ. ಈಗಷ್ಟೇ ನೀರು ನೋಡುತ್ತಿರುವ ಹೊಸ ಮನುಷ್ಯ ಎಂದು ನಿಮ್ಮನ್ನು ತಿಳಿದು ಹೆಚ್ಚು ಸಮಯ ಕೊಡುತ್ತವೆ. ತಮ್ಮನ ಕಂಪ್ಯೂಟರ್ ಇಸಿದುಕೊಂಡು ಮಧ್ಯಾಹ್ನದ ಡೈವ್ ಮಾಡುವುದೂ ಇದೇ ತಪ್ಪು. ಅದರಲ್ಲಿರುವುದು ಅವನ ಮೈಯ ಲೆಕ್ಕ. ಹಾಗಾಗಿ ಕಂಪ್ಯೂಟರ್ ಕೆಟ್ಟರೆ ಕನಿಷ್ಠ 24 ಗಂಟೆ ನೀರಿನಿಂದ ಹೊರಗಿದ್ದು, ಆಮೇಲೆ ಬೇರೆಯದನ್ನು ಹೊಸದಾಗಿ ಶುರು ಮಾಡಿ. ನಿಮ್ಮ ಕಂಪ್ಯೂಟರಿನ ಪುಸ್ತಕ ಇನ್ನೂ ಜಾಸ್ತಿ ಕಾಯಲು ಹೇಳಿದರೆ ಅಷ್ಟು ಕಾಯಿರಿ. ಎರಡು ಕಂಪ್ಯೂಟರ್ ಇರುವವರು ಮೊದಲ ಡೈವಿನಿಂದಲೇ ಎರಡನ್ನೂ ಕಟ್ಟಿಕೊಳ್ಳುವುದು ಇದಕ್ಕೇ. ಚೀಲದಲ್ಲಿ ಮಲಗಿದ ಎರಡನೇ ಕಂಪ್ಯೂಟರಿನಿಂದ ಅವತ್ತಿಗೆ ಪ್ರಯೋಜನವಿಲ್ಲ.

ಫಿನ್ನಿಗೆ ಒಂದು ಪಟ್ಟಿ, ಒಂದು ಬಕಲ್. ನಿಮ್ಮಿಬ್ಬರ ಫಿನ್ ಒಂದೇ ಕಂಪನಿಯದಾದರೆ ಒಂದೇ ಜೊತೆ ಸಾಕು. ಸ್ಪ್ರಿಂಗ್ ಪಟ್ಟಿ ಹಾಕಿಸಿಬಿಟ್ಟರೆ ಆ ಚಿಂತೆ ಹೆಚ್ಚುಕಡಿಮೆ ತೀರಿತು. ಬಿಸಿಡಿ, ವೆಟ್‌ಸೂಟ್, ಹೋಸ್ ಇವುಗಳ ಜೋಡಿ ಬೇಡವೇ ಬೇಡ. ಬದಲಿಗೆ ಡೈವ್ ಸೆಂಟರಿಗೆ ಇವತ್ತೇ ಒಂದು ಮೆಸೇಜ್ ಹಾಕಿ ಎರಡು ವಿಷಯ ಕೇಳಿ. ಸಿಲಿಂಡರ್ ವಾಲ್ವು ಯೋಕೋ ಡಿನ್ನೋ (ರೆಗ್ಯುಲೇಟರನ್ನು ವಾಲ್ವಿನೊಳಗೆ ತಿರುಗಿಸಿ ಕೂರಿಸುವ ಬಗೆ)? ನಿಮ್ಮ ರೆಗ್ಯುಲೇಟರ್ ಡಿನ್ ಆಗಿದ್ದು ಅಲ್ಲಿ ಯೋಕ್ ಮಾತ್ರ ಇದ್ದರೆ ಒಂದು ಅಡಾಪ್ಟರ್ ಬೇಕು. ಎರಡನೆಯದು, ಬಾಡಿಗೆ ಬಿಸಿಡಿಗೆ ಗಾಳಿ ತುಂಬುವ ಹೋಸಿನ ತುದಿ ಸಾಮಾನ್ಯ ಅಳತೆಯದೇ? ಕೆಲವು ಬಿಸಿಡಿಗಳ ಜೋಡಣೆ ಬೇರೆ. ಇದನ್ನು ಕೇಳದೆ ಹೋದವರು ಅಲ್ಲಿ ತಲುಪಿ ತಮ್ಮ ರೆಗ್ಯುಲೇಟರನ್ನು ಚೀಲದಲ್ಲೇ ಬಿಡುತ್ತಾರೆ.

ವಿಮಾನದ ಮಾತು. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಹೊರಟು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ವಿಮಾನ ಬದಲಿಸುತ್ತೀರಿ. ಬದಲಿಸುವ ಕಡೆ ಚೀಲ ತಪ್ಪುವುದುಂಟು. ಚೀಲ ಮರುದಿನ ಪೋರ್ಟ್ ಬ್ಲೇರಿಗೆ (2024ರಿಂದ ಶ್ರೀ ವಿಜಯಪುರಂ) ಬಂದರೂ ನೀವು ಆಗಲೇ ಹಡಗು ಹತ್ತಿ ಹ್ಯಾವ್‌ಲಾಕ್‌ನಲ್ಲಿರುತ್ತೀರಿ. ಆದ್ದರಿಂದ ಪವರ್ ಮಾಸ್ಕ್, ಕಂಪ್ಯೂಟರ್, ರೆಗ್ಯುಲೇಟರ್, ಡೈವಿಂಗ್ ಕಾರ್ಡು ಕೈಚೀಲದಲ್ಲೇ ಇರಲಿ. ಎರಡನೇ ಮಾಸ್ಕ್ ದೊಡ್ಡ ಚೀಲದಲ್ಲಿ. ಎರಡೂ ಒಂದೇ ಚೀಲದಲ್ಲಿದ್ದರೆ ಎರಡು ಒಯ್ದು ಏನು ಬಂತು? ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ, ಮನೆಯಲ್ಲೇ ತೂಗಿ ನೋಡಿ.

ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ದೊಡ್ಡ ಚೀಲಕ್ಕೆ ಹಾಕುವಂತಿಲ್ಲ. ಅವು ಕೈಚೀಲಕ್ಕೇ ಬೇಕು. ಮಿತಿ 100 ವ್ಯಾಟ್ ಅವರ್. ಡೈವ್ ಟಾರ್ಚಿನ 18650 ಬ್ಯಾಟರಿ ಹದಿಮೂರರ ಆಸುಪಾಸು ಮಾತ್ರ, ಚಿಂತೆ ಬೇಡ. ಟಾರ್ಚಿನಿಂದ ಬ್ಯಾಟರಿ ಹೊರಗೆ ತೆಗೆದು, ಎರಡೂ ತುದಿಗೆ ಟೇಪ್ ಅಂಟಿಸಿ. ಚೀಲದೊಳಗೆ ಡೈವ್ ಟಾರ್ಚ್ ತಾನಾಗಿ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ. ಚಾಕು, ಕಟರ್, ಕತ್ತರಿ, ಸ್ಪ್ಯಾನರ್, ಆಲನ್ ಕೀ ಎಲ್ಲ ದೊಡ್ಡ ಚೀಲಕ್ಕೆ. ಎಂದರೆ ವಿಮಾನದಲ್ಲಿ ಮಾತ್ರ ನಿಮ್ಮ ಡಬ್ಬಿ ಎರಡಾಗುತ್ತದೆ: ರಬ್ಬರ್ ಮತ್ತು ಬ್ಯಾಟರಿ ಒಂದರಲ್ಲಿ, ಆಯುಧಗಳು ಇನ್ನೊಂದರಲ್ಲಿ. ರೆಗ್ಯುಲೇಟರನ್ನು ಸ್ಕ್ಯಾನರಿನಲ್ಲಿ ಕಂಡು ತೆರೆಯಲು ಹೇಳುತ್ತಾರೆ. ಸಮಾಧಾನದಿಂದ ತೆಗೆದು ತೋರಿಸಿ, ನೀರೊಳಗೆ ಉಸಿರಾಡುವ ಸಾಮಾನು ಎಂದು ಹೇಳಿ. ಅದಕ್ಕಾಗಿ ಅರ್ಧ ಗಂಟೆ ಮುಂಚೆ ಹೋಗಿ.

ಇಬ್ಬರಿಗೂ ಸೇರಿ ಒಂದೇ ಡಬ್ಬಿ ಮಾಡಿ. ನನ್ನದು ಬಿಗಿ ಮುಚ್ಚಳದ ಊಟದ ಡಬ್ಬಿ. ಒಳಗಿನ ಎಲ್ಲ ಸೇರಿ ಒಂದು ಕಿಲೋ ದಾಟುವುದಿಲ್ಲ. ಮುಚ್ಚಳದ ಒಳಬದಿಗೆ ಪಟ್ಟಿ ಅಂಟಿಸಿದ್ದೇನೆ. ಏನಾದರೂ ಬಳಸಿದರೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ, ಮನೆಗೆ ಬಂದ ವಾರವೇ ತುಂಬಿಸುತ್ತೇನೆ. ಮಾಸ್ಕ್ ಮಂಜಿಗೆ ಬೇಬಿ ಶಾಂಪೂವಿಗೆ ನೀರು ಬೆರೆಸಿದ ಪುಟ್ಟ ಬಾಟಲಿ, ಒಂದು ಸೀಟಿ, ನಾಲ್ಕು ಮೀಟರ್ ಗಟ್ಟಿ ಹಗ್ಗ, ಒಂದು ತುಂಡು ಒಣ ಬೈರಾಸು ಕೂಡ ಇದೆ. ಬೈರಾಸಿನ ತುಂಡನ್ನು ಜನ ಮರೆಯುತ್ತಾರೆ. ಒದ್ದೆ ಕೈಯಲ್ಲಿ ಯಾವ ಓ ರಿಂಗೂ ಸರಿಯಾಗಿ ಕೂರುವುದಿಲ್ಲ.

ಕೊನೆಯ ಡೈವ್ ಮುಗಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತುವಂತಿಲ್ಲ. ಹಲವು ದಿನ ಡೈವ್ ಮಾಡಿದವರು ಒಂದು ಪೂರ್ತಿ ದಿನ ಬಿಡುವುದು ನನಗೆ ಇಷ್ಟ. ಆ ಸಮಯವನ್ನು ಸಾಮಾನಿಗೆ ಕೊಡಿ. ಸಿಹಿನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ. ರೆಗ್ಯುಲೇಟರ್ ನೆನೆಸುವ ಮುಂಚೆ ಫಸ್ಟ್ ಸ್ಟೇಜಿನ ಮುಚ್ಚಳ ಹಾಕಿದ್ದೀರಾ ಎಂದು ನೋಡಿ. ನೀರಿನಲ್ಲಿರುವಾಗ ಸೆಕೆಂಡ್ ಸ್ಟೇಜಿನ ನಡುವಿನ ಗುಂಡಿ ಒತ್ತಬೇಡಿ, ಒತ್ತಿದರೆ ಹೋಸಿನೊಳಗೆ ನೀರು ಇಳಿಯುತ್ತದೆ.

ಸೀಸದ ತೂಕ ಕೇಳಿದ್ದಿರಿ. ಒಯ್ಯಬೇಡಿ. ಡೈವ್ ಸೆಂಟರಿನಲ್ಲಿ ಬೇಕಾದಷ್ಟು ಇರುತ್ತದೆ. ನೇತ್ರಾಣಿಯಲ್ಲಿ ಎಷ್ಟು ಕಿಲೋ ಕಟ್ಟಿಕೊಂಡಿದ್ದಿರಿ, ಯಾವ ದಪ್ಪದ ವೆಟ್‌ಸೂಟ್ ಹಾಕಿದ್ದಿರಿ ಎಂಬುದನ್ನು ಮಾತ್ರ ನಿಮ್ಮ ಡೈವ್ ಪುಸ್ತಕದಿಂದ ನೋಡಿ ಅದೇ ಮುಚ್ಚಳದ ಪಟ್ಟಿಯ ಕೆಳಗೆ ಬರೆದಿಡಿ. ಮೊದಲ ದಿನ ಅಲ್ಲಿನವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.